ಫೋಲ್ಡರ್ ಡಿ ಡ್ರೈವ್‌ಗೆ ಹೋದರೂ ಶಾರ್ಟ್‌ಕಟ್ ಸಿ ಬಿಡುತ್ತಿಲ್ಲವೇ?

ಗಾಬರಿಯಾಗಬೇಡಿ, ಫೋಲ್ಡರಿನಲ್ಲಿದ್ದ ನಿಮ್ಮ ಫೋಟೊಗಳು ಕಳೆದುಹೋಗಿಲ್ಲ. ನೀವು ಅವನ್ನು ಸಾಗಿಸಿದ ಡಿ ಡ್ರೈವ್‌ನಲ್ಲೇ ಇವೆ. ಶಾರ್ಟ್‌ಕಟ್ ಅನ್ನುವುದು ಬರೀ ವಿಳಾಸದ ಚೀಟಿ. ಮನೆ ಬದಲಾಯಿತು, ಚೀಟಿಯಲ್ಲಿ ಹಳೇ ವಿಳಾಸವೇ ಉಳಿದಿದೆ.

ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್ ತೆರೆದು, ಎಡಪಟ್ಟಿಯಲ್ಲಿರುವ ಪಿಕ್ಚರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಟ್ಯಾಬ್ ತೆರೆಯಿರಿ. ಅಲ್ಲಿ ಇನ್ನೂ ‘ಸಿ:\ಯೂಸರ್ಸ್’ ಎಂದೇ ಇದ್ದರೆ, ಮೂವ್ ಒತ್ತಿ ಡಿಯಲ್ಲಿರುವ ನಿಮ್ಮ ಫೋಟೊ ಫೋಲ್ಡರ್ ತೋರಿಸಿ, ಅಪ್ಲೈ ಕೊಡಿ. ದಯವಿಟ್ಟು ಬರೀ ‘ಡಿ:\’ ಆರಿಸಬೇಡಿ! ಇಡೀ ಡ್ರೈವೇ ಪಿಕ್ಚರ್ಸ್ ಆಗಿಬಿಡುತ್ತದೆ. ಆಮೇಲೆ ಅದನ್ನು ಬಿಡಿಸುವುದು ದೊಡ್ಡ ತಲೆನೋವು.

ಡೆಸ್ಕ್‌ಟಾಪ್‌ನಲ್ಲಿ ಹಳೇ ಫೋಟೊ ಫೋಲ್ಡರ್‌ಗೆ ಮಾಡಿಕೊಂಡಿದ್ದ, ಪುಟ್ಟ ಬಾಣದ ಗುರುತಿರುವ ಐಕಾನ್‌ಗಳನ್ನು ಅಳಿಸಿ ಹೊಸದಾಗಿ ಮಾಡಿಕೊಳ್ಳಿ. ಶಾರ್ಟ್‌ಕಟ್ ಅಳಿಸಿದರೆ ಫೋಟೊ ಅಳಿಯುವುದಿಲ್ಲ. ಕ್ವಿಕ್ ಆಕ್ಸೆಸ್‌ನಲ್ಲಿರುವ ಹಳೇ ಫೋಲ್ಡರನ್ನು ಅನ್‌ಪಿನ್ ಮಾಡಿ, ಹೊಸ ಫೋಲ್ಡರನ್ನು ಪಿನ್ ಮಾಡಿದರಾಯಿತು.