ಮಹಿಳಾ ಸಬಲೀಕರಣ ಮತ್ತು ಸಾಂಸ್ಥಿಕ ಬದ್ಧತೆ: ಬೆಂಗಳೂರಿನ ಸಿದ್ಧ ಉಡುಪು ಕಾರ್ಮಿಕರನ್ನು ಕುರಿತು

ಉದ್ಯೋಗದಲ್ಲಿ ಉಳಿದಿರುವುದನ್ನೇ ಸಂಸ್ಥೆಯ ಮೇಲಿನ ಬದ್ಧತೆಯೆಂದು ಭಾವಿಸುವುದು ಸರಿಯಲ್ಲ. ಮೇಯರ್ ಮತ್ತು ಆಲೆನ್ 1991ರಲ್ಲಿ ಬದ್ಧತೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ಒಲವಿನದು, ಅನಿವಾರ್ಯತೆಯದು, ಕರ್ತವ್ಯಪ್ರಜ್ಞೆಯದು. ಮಾಹಿತಿ, ಬೆಂಬಲ, ಸಂಪನ್ಮೂಲ, ಅವಕಾಶಗಳು ದೊರೆತಾಗ ನೌಕರರ ತೊಡಗುವಿಕೆ ಹೆಚ್ಚುತ್ತದೆಂಬುದು ರೋಸಾಬೆತ್ ಕ್ಯಾಂಟರ್ 1977ರಲ್ಲಿ ಮಂಡಿಸಿದ ವಿಚಾರ.

ಈ ಹಿನ್ನೆಲೆಯಲ್ಲಿ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಮಹಿಳೆಯರು ನಡೆಸಿದ ಹೋರಾಟ ಗಮನಾರ್ಹವಾದುದು. ಭವಿಷ್ಯನಿಧಿಯಲ್ಲಿನ ಮಾಲೀಕರ ವಂತಿಗೆಯನ್ನು 58 ವರ್ಷ ತುಂಬುವವರೆಗೆ ಹಿಂಪಡೆಯದಂತೆ ತಡೆಯುವ ನಿಯಮವನ್ನು ಅವರು ವಿರೋಧಿಸಿದರು. ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಕೆಲಸ ಬಿಟ್ಟಾಗ ಕೈಸೇರುವ ಹಣಕ್ಕಾಗಿ ಬೀದಿಗಿಳಿದವರಿಗೆ ಕಾರ್ಖಾನೆಯೊಂದಿಗಿದ್ದ ನಂಟು ಒಲವಿನದೆನ್ನುವುದು ಕಷ್ಟ. ಉತ್ಪಾದನೆಯ ಗುರಿ, ರಜೆ, ಬಡ್ತಿಗಳ ವಿಚಾರದಲ್ಲಿ ದನಿಯಿಲ್ಲದೆಡೆ ಹಾಜರಿ ದೊರೆತೀತು, ಒಲವು ದೊರೆಯದು. ಆದುದರಿಂದ ನಿರ್ಧಾರಗಳಲ್ಲಿ ಮಹಿಳೆಗಿರುವ ಪಾಲೇ ಸಬಲೀಕರಣದ ಅಳತೆಗೋಲಾಗಬೇಕಾಗುತ್ತದೆ.