ಜಮಖಾನ ಮಡಚಲು ಯಾರು ಉಳಿದರು?

ಮಗಳೇ,

ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರ ಕಿರಿಯ ಪ್ರಾಥಮಿಕ ಶಾಲೆಗೆ ನಿನಗೆ ಆದೇಶ ಬಂದಿದೆ ಎಂದು ಕೇಳಿ ಸಂತೋಷವಾಯಿತು. ಒಂದರಿಂದ ಐದನೇ ತರಗತಿವರೆಗೆ 26 ಮಕ್ಕಳು, ಇಬ್ಬರು ಶಿಕ್ಷಕರು, ಎರಡು ಕೊಠಡಿ, ಅಂಗಳದಲ್ಲೊಂದು ಹೊಂಗೆ ಮರ. ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, “ಇಷ್ಟು ಸಣ್ಣ ಶಾಲೆಯಲ್ಲಿ ಕಾರ್ಯಕ್ರಮ ಅಂತ ಏನು ಮಾಡೋದು?” ಎಂದು, ಆ ಮಾತು ನನ್ನನ್ನು ಬಿಟ್ಟಿಲ್ಲ. ಕಪಿಲೆಯ ದಡದ ಊರುಗಳಲ್ಲಿ ಒಂದಷ್ಟು ಕಾಲ, ತಿ. ನರಸೀಪುರದ ನಾಲೆ ಬಯಲಿನಲ್ಲಿ ಒಂದಷ್ಟು ಕಾಲ, ಒಟ್ಟು 32 ವರ್ಷ ಪಾಠ ಹೇಳಿದ್ದೇನೆ. ತಪ್ಪು ಮಾಡಿದ್ದೇನೆ, ತಿದ್ದಿಕೊಂಡಿದ್ದೇನೆ. ಅದರಲ್ಲಿ ನಿನಗೆ ಬೇಕಾದೀತು ಅನ್ನಿಸಿದ ಕೆಲವು ಮಾತುಗಳನ್ನು ಕಿವಿಗೆ ಹಾಕುತ್ತೇನೆ.

ತಪ್ಪಿನಿಂದಲೇ ಶುರು ಮಾಡುತ್ತೇನೆ. ಮುಖ್ಯ ಶಿಕ್ಷಕಿಯಾದ ಮೊದಲ ವರ್ಷ ಅದ್ದೂರಿಯಾಗಿ ವಾರ್ಷಿಕೋತ್ಸವ ಮಾಡಿಸಿದೆ. ಶಾಮಿಯಾನ, ಮೈಕು, ಹಾರ, ಶಾಲು, ವೇದಿಕೆಯ ಮೇಲೆ ಹದಿನಾಲ್ಕು ಕುರ್ಚಿ. ಅತಿಥಿಗಳು ಬಂದದ್ದು ಏಳು ಗಂಟೆಗೆ, ಭಾಷಣಗಳು ಮುಗಿದದ್ದು ಒಂಬತ್ತೂವರೆಗೆ. ನಾಲ್ಕು ಗಂಟೆಗೇ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಒಂದನೇ ತರಗತಿಯ ಮಕ್ಕಳು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಎಬ್ಬಿಸಿ ಕುಣಿಸಿದೆ. ಒಬ್ಬಳು ಅಳುತ್ತಲೇ ಕುಣಿದಳು. ತಾಯಂದಿರು ಕೊನೆಯವರೆಗೂ ಕಾಂಪೌಂಡಿನ ಆಚೆ ನಿಂತೇ ಇದ್ದರು. ಒಳಗೆ ಕರೆದು ಕೂರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಎಲ್ಲರೂ ಹೊರಟುಹೋದ ಮೇಲೆ ನಾನೂ ಬಿಸಿಯೂಟದ ಅಡುಗೆ ಮಾಡುವ ತಾಯಿಯೂ ಇಬ್ಬರೇ ಜಮಖಾನ ಮಡಚಿದೆವು. ಒಂದು ತುದಿ ಹಿಡಿದುಕೊಂಡೇ ಆಕೆ ಹೇಳಿದರು: “ಹಬ್ಬ ಚೆಂದಾಗಾಯ್ತು ಮೇಡಮ್ಮೋರೆ. ಆದ್ರೆ ಯಾರ್ ಹಬ್ಬ ಅಂತ ಗೊತ್ತಾಗ್ನಿಲ್ಲ.”

ಆ ರಾತ್ರಿಯಿಂದ ನಾನು ಹಿಡಿದುಕೊಂಡ ಸೂತ್ರ ಒಂದೇ. ಶಾಲೆಯ ಹಬ್ಬದಲ್ಲಿ ಸುಮ್ಮನೆ ನೋಡುವವರು ಅಂತ ಯಾರೂ ಇರಬಾರದು. ಬಂದ ಪ್ರತಿಯೊಬ್ಬರ ಕೈಗೂ ಒಂದು ಕೆಲಸ ಸಿಗಬೇಕು.

ಇದಕ್ಕೆ ಸಣ್ಣ ಶಾಲೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಐನೂರು ಮಕ್ಕಳಿರುವ ಕಡೆ ಚೆನ್ನಾಗಿ ಕುಣಿಯುವ ಮೂವತ್ತು ಮಕ್ಕಳನ್ನು ಆರಿಸುತ್ತಾರೆ, ಮಿಕ್ಕವರು ಚಪ್ಪಾಳೆ ತಟ್ಟುತ್ತಾರೆ. ನಿನಗೆ ಆರಿಸುವ ಪ್ರಮೇಯವೇ ಬರುವುದಿಲ್ಲ. ತೊದಲುವ ಹುಡುಗ, ಕಾಲು ಸರಿಯಿಲ್ಲದ ಹುಡುಗಿ, ವಾರಕ್ಕೆ ಮೂರು ದಿನ ಮಾತ್ರ ಬರುವ ಮಗು, ಎಲ್ಲರಿಗೂ ಅಲ್ಲಿ ಪಾತ್ರವಿದೆ. ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ ಸ್ಪರ್ಧೆಗೆ ಆರಿಸಿ ಕಳಿಸು, ಅದು ಬೇರೆ. ಊರೊಳಗಿನ ಹಬ್ಬಕ್ಕೆ ಮಾತ್ರ ಒಂದು ಮಗುವನ್ನೂ ಹೊರಗಿಡಬೇಡ.

ಮೊದಲ ಮಾತು, ಎಲ್ಲಿಂದ ಶುರು ಮಾಡಲಿ ಎಂದರೆ, ಮಕ್ಕಳ ಸಂತೆಯಿಂದ ಮಾಡು. ಕೆಲವು ಕಡೆ ಮೆಟ್ರಿಕ್ ಮೇಳ ಅನ್ನುತ್ತಾರೆ. ಖರ್ಚಿಲ್ಲ, ವೇದಿಕೆ ಬೇಡ. ಮಕ್ಕಳು ಮನೆಯಿಂದ ಬದನೆಕಾಯಿ, ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ ತರುತ್ತಾರೆ; ಇಬ್ಬರು ಮಜ್ಜಿಗೆ ಮಾರುತ್ತಾರೆ, ಇಬ್ಬರು ಚುರುಮುರಿ ಕಲಸುತ್ತಾರೆ; ಊರಿನವರು ಬಂದು ಕೊಳ್ಳುತ್ತಾರೆ. ನಮ್ಮ ಸಂತೆಯಲ್ಲಿ ನಾಲ್ಕನೇ ತರಗತಿಯ ಹುಡುಗನೊಬ್ಬ ನುಗ್ಗೆಸೊಪ್ಪಿನ ಕಟ್ಟು ಹರಡಿಕೊಂಡು ಕೂತಿದ್ದ. ಕಳೆಯುವ ಲೆಕ್ಕದಲ್ಲಿ ದಶಕದಿಂದ ಎರವಲು ತರುವುದು ಅವನಿಗೆ ವರ್ಷವಿಡೀ ಬಂದಿರಲಿಲ್ಲ. ಕಟ್ಟಿಗೆ ಏಳು ರೂಪಾಯಿ. ಅಜ್ಜಿಯೊಬ್ಬರು ಎರಡು ಕಟ್ಟು ತೆಗೆದುಕೊಂಡು ಐವತ್ತರ ನೋಟು ಕೊಟ್ಟರು. ನಾನು ಉಸಿರು ಬಿಗಿಹಿಡಿದು ನೋಡುತ್ತ ನಿಂತೆ. ಹುಡುಗ ಅಜ್ಜಿಯ ಅಂಗೈಯಲ್ಲಿ ಒಂದು ರೂಪಾಯಿ ಇಟ್ಟು “ಹದಿನೈದು” ಅಂದ. ಐದರ ಬಿಲ್ಲೆ ಇಟ್ಟು “ಇಪ್ಪತ್ತು” ಅಂದ. ಹತ್ತು ಇಟ್ಟು “ಮೂವತ್ತು.” ಇಪ್ಪತ್ತರ ನೋಟು ಇಟ್ಟು “ಐವತ್ತು. ಸರಿಯೋಯ್ತು ಕಣಜ್ಜಿ.”

ಕಳೆಯುವುದನ್ನು ಅವನು ಕೂಡುತ್ತ ಹೋಗಿ ಮುಗಿಸಿದ್ದ. ಅವನಪ್ಪ ಸಂತೆಯಲ್ಲಿ ಚಿಲ್ಲರೆ ಕೊಡುವುದು ಹಾಗೆಯೇ. ಮಾರನೆಯ ದಿನ ಅವನನ್ನೇ ಕಪ್ಪುಹಲಗೆಯ ಮುಂದೆ ನಿಲ್ಲಿಸಿ ಮಿಕ್ಕವರಿಗೆ ಹೇಳಿಕೊಡಿಸಿದೆ. ಎರವಲು ತರುವ ದಾರಿಯನ್ನು ಅದಾದ ವಾರದಲ್ಲೇ ಅವನು ಹಿಡಿದುಕೊಂಡ. ಹಾಗಾಗಿ ಸಂತೆಯ ದಿನ ಬೆಲೆಯನ್ನು ನೀನು ಬರೆದುಕೊಡಬೇಡ, ಚಿಲ್ಲರೆಯನ್ನು ನೀನು ಎಣಿಸಿಕೊಡಬೇಡ. ತಕ್ಕಡಿ ಅವರ ಕೈಯಲ್ಲಿರಲಿ. ಸಂಜೆ ಕೂತು ಎಷ್ಟಕ್ಕೆ ತಂದೆ, ಎಷ್ಟಕ್ಕೆ ಮಾರಿದೆ ಎಂದು ಪ್ರತಿ ಮಗುವೂ ಬರೆಯಲಿ. ಅಷ್ಟಾದರೆ ಸಂತೆ ಪಾಠವಾಯಿತು.

ಎರಡನೆಯ ಮಾತು, ಊರಿನಲ್ಲಿರುವ ಗುರುಗಳನ್ನು ಹುಡುಕು. ಸಿದ್ದರಾಮನಹುಂಡಿಯ ಹುಡುಗ ಸಿದ್ದರಾಮಯ್ಯ ಶಾಲೆಯ ಮೆಟ್ಟಿಲು ಹತ್ತುವ ಮೊದಲು ವೀರಮಕ್ಕಳ ಕುಣಿತದ ಗುಂಪಿನಲ್ಲಿದ್ದದ್ದು, ಕುಣಿತ ಕಲಿಸುವ ಗುರುಗಳೇ ಮರಳಿನ ಮೇಲೆ ಅಕ್ಷರ ತಿದ್ದಿಸಿದ್ದು, ಆಮೇಲೆ ರಾಜಪ್ಪ ಮೇಷ್ಟ್ರು ನೇರವಾಗಿ ಐದನೇ ತರಗತಿಗೆ ಸೇರಿಸಿಕೊಂಡದ್ದು ನಮ್ಮ ಸೀಮೆಗೆಲ್ಲ ಗೊತ್ತಿರುವ ಕಥೆ. ಮುಖ್ಯಮಂತ್ರಿಯಾದ ಮೇಲೂ ಅವರು ಅದನ್ನು ಹೇಳಿಕೊಂಡಿದ್ದಾರೆ. ಕುಣಿತದ ಅಂಗಳಕ್ಕೂ ಶಾಲೆಯ ಬಾಗಿಲಿಗೂ ನಡುವೆ ಅಷ್ಟು ಹತ್ತಿರದ ದಾರಿ ಇತ್ತು. ಆ ದಾರಿಯನ್ನು ನಾವು ತೆರೆದಿಟ್ಟುಕೊಳ್ಳಬೇಕು. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ನಮ್ಮ ತಿ. ನರಸೀಪುರದ ತಿರುಮಕೂಡಲಿನಲ್ಲಿ. ನಿನ್ನ ಊರಿನಲ್ಲಿ ಕಂಸಾಳೆಯವರಿರಬಹುದು, ತಂಬೂರಿ ಪದದವರಿರಬಹುದು, ಪೌರಾಣಿಕ ನಾಟಕದಲ್ಲಿ ಭೀಮನ ಪಾತ್ರ ಕಟ್ಟಿದವರಿರಬಹುದು, ಚಾಪೆ ಹೆಣೆಯುವವರಿರಬಹುದು. ತಿಂಗಳಿಗೊಬ್ಬರನ್ನು ಶನಿವಾರ ಕರೆ. ಕುರ್ಚಿ ಕೊಡು. ಅವರು ಹೇಳಿಕೊಡುವಾಗ ನೀನೂ ಮಕ್ಕಳ ಸಾಲಿನಲ್ಲಿ ಕೂರು.

ಒಮ್ಮೆ ಸೋಬಾನೆ ಹಾಡುವ ಅಜ್ಜಿಯನ್ನು ಕರೆಸಿದ್ದೆ. ಅಜ್ಜಿ ಹಾಡಿದಂತೆ ಐದನೇ ತರಗತಿಯವರು ಬರೆದುಕೊಂಡರು. ಒಬ್ಬ ಹುಡುಗಿ ಅಜ್ಜಿಯ ಮಾತನ್ನು ‘ಸರಿ ಮಾಡಿ’ ಪುಸ್ತಕದ ಕನ್ನಡದಲ್ಲಿ ಬರೆದಿದ್ದಳು. ಅದನ್ನು ಓದಿ ಹೇಳಿದಾಗ ಅಜ್ಜಿ, “ಇದು ನಂದಲ್ಲ ಕಣವ್ವ” ಅಂದುಬಿಟ್ಟರು. ಇದ್ದ ಹಾಗೇ ಮತ್ತೆ ಬರೆಸಿ ಓದಿಸಿದೆ. ಅಜ್ಜಿ ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸಿ, “ಇಲ್ಲೆಲ್ಲಾ ನನ್ ಪದ ಅದಾ?” ಎಂದು ಕೇಳಿದರು. ಆ ಹಾಳೆ ನಮ್ಮ ಗೋಡೆಯ ಮೇಲೆ ಮೂರು ವರ್ಷ ಇತ್ತು. ಪಠ್ಯಪುಸ್ತಕ ಓದಲು ತಡವರಿಸುತ್ತಿದ್ದ ಮಕ್ಕಳೂ ಅದನ್ನು ಸರಾಗವಾಗಿ ಓದುತ್ತಿದ್ದರು. ನಿನ್ನ ಮಕ್ಕಳ ಮನೆಮಾತನ್ನು ಎಂದೂ ಹೀಗಳೆಯಬೇಡ. ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದದ್ದು ನಂಜನಗೂಡು ಸೀಮೆಯ ಆಡುಮಾತಿನಲ್ಲೇ. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮೂರನೆಯದು ಸ್ವಲ್ಪ ಗಟ್ಟಿ ಮಾತು, ಗಮನವಿಟ್ಟು ಕೇಳು. ನಮ್ಮ ಹಳ್ಳಿಗಳಲ್ಲಿ ಕೇರಿಗಳಿವೆ. ಶಾಲೆಯ ಅಂಗಳದಲ್ಲಿ ಅವು ಇರಕೂಡದು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂದ ಬಿಸಿಯೂಟ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿತು. ಹಬ್ಬದ ದಿನ ದೊಡ್ಡವರೂ ಅದೇ ಪಂಕ್ತಿಯಲ್ಲಿ ಕೂರಬೇಕು. ‘ದೊಡ್ಡವರಿಗೆ ಒಳಗೆ ಎಲೆ ಹಾಕಿಸಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಜಗಳವಾಡಬೇಡ, ಒಪ್ಪಲೂ ಬೇಡ. “ಮಕ್ಕಳ ಜೊತೆ ಕೂತರೆ ಮಕ್ಕಳಿಗೆ ಖುಷಿ” ಎಂದು ಹೇಳಿ ನೀನೇ ಮೊದಲು ಎಲೆಯ ಮುಂದೆ ಕೂತುಬಿಡು. ಮೆರವಣಿಗೆಯ ಮುಂದೆ ತಮಟೆ ಬಾರಿಸಲು ಒಬ್ಬ ತಂದೆಯನ್ನು ಎಲ್ಲರೂ ಕರೆಯುತ್ತಾರೆ, ಬಾರಿಸಿಯಾದ ಮೇಲೆ ಮೂಲೆಗೆ ನಿಲ್ಲಿಸುತ್ತಾರೆ. ನೀನು ಅವರ ಕೈಯಲ್ಲಿ ಮಕ್ಕಳಿಗೆ ನಾಲ್ಕು ವರಸೆ ಹೇಳಿಕೊಡಿಸು, ಮಕ್ಕಳ ಎದುರಿನಲ್ಲಿ ‘ಮೇಷ್ಟ್ರೇ’ ಎಂದು ಕರೆ. ಅವರ ಮಗ ಅಂದು ತಲೆಯೆತ್ತಿ ಕೂರುವುದನ್ನು ನೀನೇ ನೋಡುತ್ತೀಯ. ದೀಪ ಹಚ್ಚಲು ದಿನಾ ಒಲೆ ಹಚ್ಚುವ ಅಡುಗೆಯ ತಾಯಿಯನ್ನು ಕರೆ.

ನಾಲ್ಕನೆಯದು ಹೊತ್ತು ಗೊತ್ತು. ನಾಲೆಗೆ ನೀರು ಬಿಟ್ಟು ನಾಟಿ ನಡೆಯುವಾಗ, ಕೊಯ್ಲಿನಲ್ಲಿ, ಸಂತೆಯ ದಿನ ಸಭೆ ಕರೆದು ‘ಪೋಷಕರಿಗೆ ಆಸಕ್ತಿಯಿಲ್ಲ’ ಎಂದು ವರದಿ ಬರೆಯುವುದು ಅನ್ಯಾಯ. ಮಧ್ಯಾಹ್ನ ಮೂರು ಗಂಟೆಗೆ ಬಂದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಸಂಜೆ ಆರರ ಮೇಲೆ ಕರೆ, ಒಂದು ಗಂಟೆಯಲ್ಲಿ ಮುಗಿಸು. ನಂಜನಗೂಡಿನ ದೊಡ್ಡ ಜಾತ್ರೆಗೂ ಸುತ್ತೂರು ಜಾತ್ರೆಗೂ ಮಕ್ಕಳು ಹೋಗಿಯೇ ಹೋಗುತ್ತಾರೆ. ಹಾಜರಾತಿ ಬಿತ್ತೆಂದು ಬೇಸರ ಬೇಡ. ಮರಳಿ ಬಂದ ದಿನ ನಂಜನಗೂಡಿನ ಐದು ತೇರಿನ ಚಿತ್ರ ಬರೆಸು, ಗೌತಮ ರಥದ ಎತ್ತರವನ್ನು ಊರಿನ ತೆಂಗಿನ ಮರದ ಜೊತೆ ಹೋಲಿಸಿ ಹೇಳಿಸು. ವರ್ಷಕ್ಕೊಂದು ಹೊರಸಂಚಾರಕ್ಕೆ ದೂರ ಹೋಗಬೇಕಿಲ್ಲ. ಹದಿಮೂರನೇ ಶತಮಾನದಲ್ಲಿ ಕಟ್ಟಿದ ಸೋಮನಾಥಪುರದ ಕೇಶವ ದೇವಾಲಯ ಪಕ್ಕದ ತಾಲ್ಲೂಕಿನಲ್ಲಿದೆ, 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಗಾಂಧೀಜಿ ಬಂದುಹೋದ ಬದನವಾಳಿನ ಖಾದಿ ಕೇಂದ್ರ ನಿನ್ನ ತಾಲ್ಲೂಕಿನಲ್ಲೇ ಇದೆ. ಹೋಗುವಾಗ ನಾಲ್ಕು ಜನ ತಾಯಂದಿರನ್ನೂ ಕರೆದುಕೊಂಡು ಹೋಗು. ಎಷ್ಟೋ ಜನ ಅವನ್ನು ನೋಡಿಯೇ ಇರುವುದಿಲ್ಲ.

ಐದನೆಯದು ಸಮಿತಿ ಮತ್ತು ಹಣ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಂದರೆ ಸಹಿ ಹಾಕುವ ಪುಸ್ತಕ ಎಂದು ತಿಳಿಯಬೇಡ. 2001ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ಊರಿನ ಕೈಗೆ ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಂದಿರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಹೆಂಗಸರ ಹೆಸರು ಪಟ್ಟಿಯಲ್ಲಿ, ಗಂಡಸರು ಸಭೆಯಲ್ಲಿ ಎಂಬಂತಾಗಲು ಬಿಡಬೇಡ. ಕುರ್ಚಿ ಹಾಕಿದರೆ ಅವರು ಬಾಗಿಲಲ್ಲೇ ನಿಲ್ಲುತ್ತಾರೆ. ಜಗುಲಿಯ ಮೇಲೆ ಎಲ್ಲರೂ ಸುತ್ತ ಕೂತರೆ ಬಾಯಿಬಿಡುತ್ತಾರೆ. ಹಬ್ಬಕ್ಕೆ ಮನೆಗಿಷ್ಟು ಎಂದು ಹಣ ಎತ್ತಬೇಡ. ಇಲ್ಲದವರು ನಾಚಿ ಮಗುವನ್ನೇ ಅಂದು ಕಳಿಸುವುದಿಲ್ಲ. ಒಂದು ಸೇರು ಅಕ್ಕಿ, ಎರಡು ತೆಂಗಿನಕಾಯಿ, ಹತ್ತು ಬಾಳೆ ಎಲೆ, ಚಪ್ಪರಕ್ಕೆ ನಾಲ್ಕು ಗಳ, ಏನೂ ಇಲ್ಲದವರು ಅರ್ಧ ದಿನದ ಕೈಕೆಲಸ ಕೊಡಲಿ. ಎಲ್ಲವನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಹಲಗೆಯ ಮೇಲೆ ಬರೆ. ಬಂದ ಹಣದ ಲೆಕ್ಕವನ್ನೂ ಮಾರನೆಯ ದಿನವೇ ಅದೇ ಹಲಗೆಯ ಮೇಲೆ ಬರೆ.

ಪೋಷಕರನ್ನು ಶಾಲೆಗೆ ಕರೆಯುವ ‘ಸಮುದಾಯದತ್ತ ಶಾಲೆ’ಯಂಥ ದಿನಗಳಲ್ಲಿ ಎಲ್ಲರೆದುರು ಅಂಕ ಓದಬೇಡ. ಮಗು ತನ್ನ ತಾಯಿಯ ಪಕ್ಕ ಕೂತು ತನಗೆ ಬರುವ ಒಂದು ಪುಟ ಓದಲಿ, ತಾನು ಮಾಡಿದ ಲೆಕ್ಕ ತೋರಿಸಲಿ. ಕಾರ್ಡುಗಳಿಂದ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಆದರೂ ಮಕ್ಕಳು ನೆಲದ ಮೇಲೆ ಕಾರ್ಡು ಹರಡಿಕೊಂಡು ಕೂತಿರುವುದನ್ನು ನೋಡಿ ‘ಬರೀ ಆಟ’ ಅನ್ನುವ ತಂದೆ ತಾಯಂದಿರು ಇಂದಿಗೂ ಇದ್ದಾರೆ. ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆ ಎಂದು ಮಗುವೇ ಬೆರಳಿಟ್ಟು ತೋರಿಸಿದರೆ ಆ ಮಾತು ನಿಲ್ಲುತ್ತದೆ.

ಬೆಳಿಗ್ಗೆ ಹಳದಿ ವ್ಯಾನು ಬಂದು ಊರಿನ ಕೆಲವು ಮಕ್ಕಳನ್ನು ಪಟ್ಟಣದ ಶಾಲೆಗೆ ಕರೆದೊಯ್ಯುವುದನ್ನು ನೀನು ನೋಡುತ್ತೀಯ. ಹೊಟ್ಟೆ ಉರಿಯುತ್ತದೆ, ನಿಜ. ಆ ತಂದೆ ತಾಯಂದಿರನ್ನು ಬಯ್ಯಬೇಡ. ಮಕ್ಕಳ ಸಂತೆಯನ್ನು ಭಾನುವಾರ ಇಟ್ಟು ಆ ಮಕ್ಕಳನ್ನೂ ಕರೆ, ಅವರಿಗೂ ಒಂದು ಅಂಗಡಿ ಕೊಡು. ಅವರೂ ಈ ಊರಿನ ಮಕ್ಕಳೇ. ವ್ಯಾನು ಹತ್ತಿದ ಮಕ್ಕಳೆಲ್ಲ ಮರಳಿ ಬರುತ್ತಾರೆ ಎಂದು ನಾನು ಭರವಸೆ ಕೊಡಲಾರೆ. ಆದರೆ ಒಮ್ಮೆ ಬಂದು ಸೌತೆಕಾಯಿ ಮಾರಿದ ಮಗುವಿನ ಮನೆಯವರು ಆಮೇಲೆ ನಿನ್ನ ಶಾಲೆಯನ್ನು ಹಗುರವಾಗಿ ಆಡುವುದಿಲ್ಲ. ಮಕ್ಕಳ ಸಂಖ್ಯೆ ಇಳಿದು ಶಾಲೆಯ ಉಳಿವಿನ ಮಾತು ಬಂದ ದಿನ ಅವರೂ ನಿನ್ನ ಪಕ್ಕದಲ್ಲಿ ನಿಲ್ಲುತ್ತಾರೆ.

ಇಷ್ಟನ್ನೂ ಒಂದೇ ವರ್ಷದಲ್ಲಿ ಮಾಡಲು ಹೋಗಬೇಡ. ಬಿಸಿಯೂಟ, ಹಾಲು, ದಾಖಲೆ, ತರಬೇತಿ ಎಲ್ಲದರ ನಡುವೆ ನಿನಗಿರುವುದು ಎರಡು ಕೈ. ಮೊದಲ ವರ್ಷ ಒಂದು ಸಂತೆ, ಎರಡು ಶನಿವಾರ ಊರಿನ ಗುರುಗಳು, ಅಷ್ಟು ಸಾಕು. ಅಂಗಳದಲ್ಲಿ ನುಗ್ಗೆ, ಕರಿಬೇವು, ಪರಂಗಿ ನೆಡಿಸು. ಯಾರ ಮನೆಯವರು ಯಾವ ಗಿಡ ಕೊಟ್ಟರೆಂದು ಮಕ್ಕಳಿಗೆ ಗೊತ್ತಿರಲಿ. ಬೇಸಿಗೆ ರಜೆಯಲ್ಲಿ ನೀರು ಹಾಕಲು ಅವರೇ ಬರುತ್ತಾರೆ.

ಹಬ್ಬ ಹೇಗಾಯಿತು ಎಂದು ತಿಳಿಯಲು ಚಪ್ಪಾಳೆಯನ್ನೋ ಮೊಬೈಲಿನ ಫೋಟೋವನ್ನೋ ನಂಬಬೇಡ. ನಾನು ನಿವೃತ್ತಿಯಾದ ವರ್ಷ, ಕೊನೆಯ ಸಂತೆ ಮುಗಿದ ಸಂಜೆ, ಅಭ್ಯಾಸದಂತೆ ಜಮಖಾನದ ಬಳಿ ಹೋದೆ. ಅಷ್ಟರಲ್ಲಿ ಅದರ ನಾಲ್ಕು ಮೂಲೆಯನ್ನೂ ಯಾರೋ ಹಿಡಿದಾಗಿತ್ತು. ಒಂದು ಕಡೆ ತಮಟೆಯ ಮೇಷ್ಟ್ರು, ಒಂದು ಕಡೆ ಸಮಿತಿಯ ಇಬ್ಬರು ತಾಯಂದಿರು, ಇನ್ನೊಂದು ಕಡೆ ವ್ಯಾನಿನ ಶಾಲೆಗೆ ಹೋಗುವ ಒಬ್ಬ ಹುಡುಗ. ಅಡುಗೆಯ ತಾಯಿ ಪೊರಕೆ ಹಿಡಿದು ನಿಂತು, “ನೀವ್ ಕೂತ್ಕಳಿ ಮೇಡಮ್ಮೋರೆ” ಅಂದರು. ನಾನು ನಮ್ಮ ಅಂಗಳದ ಹೊಂಗೆ ಮರದ ಕಟ್ಟೆಯ ಮೇಲೆ ಕೂತೆ.

ನೀನೂ ನಿನ್ನ ಮೊದಲ ಹಬ್ಬ ಮುಗಿದ ಮೇಲೆ ಒಂದು ಗಳಿಗೆ ನಿಂತು ನೋಡು. ಜಮಖಾನ ಮಡಚಲು ಯಾರಾದರೂ ಒಬ್ಬರು ಉಳಿದಿದ್ದರೆ, ಮುಂದಿನ ವರ್ಷದ ಹಬ್ಬವನ್ನು ಅವರ ಮನೆ ಬಾಗಿಲಿಗೆ ಹೋಗಿ ಅವರ ಜೊತೆ ಕೂತು ಶುರು ಮಾಡು.