ಒರೆಯೊಳಗಿನ ಬಾಕು

ಮಗಾ, ನೀನು ಮಸ್ಕತ್ತಿಗೆ ಬಂದು ವರ್ಷ ತುಂಬಿಲ್ಲ. ಆಗಲೇ ಕಾರಿನ ಹಿಂದೆ ಯುದ್ಧವಿಮಾನದ ಸ್ಟಿಕ್ಕರ್, ಎದೆಯ ಮೇಲೆ ಒಮಾನ್ ವಾಯುಪಡೆಯ ಲಾಂಛನ! ಒಪ್ಪುತ್ತದೆ ಬಿಡು. ಆದರೆ ಅದರಲ್ಲಿರುವುದೇನೋ ಎಂದು ಕೇಳಿದರೆ, “ಯಾವುದೋ ಚಾಕು ಅಜ್ಜ” ಅಂತೀಯಲ್ಲ, ಅದು ಮಾತ್ರ ಹಿಡಿಸಲಿಲ್ಲ.

ಖಂಜರ್ ಕಣೋ ಅದು. ಅಡ್ಡಡ್ಡ ಇಟ್ಟ ಎರಡು ಕತ್ತಿಗಳ ಮೇಲೆ, ಸೊಂಟಪಟ್ಟಿ ಸಮೇತ ಕೂತ ಡೊಂಕು ಬಾಕು. ಹದಿನೆಂಟನೆಯ ಶತಮಾನದಿಂದ ಇಲ್ಲಿನ ರಾಜಮನೆತನದ ಗುರುತು. ಈಗ ಬಾವುಟದಲ್ಲೂ ಇದೆ, ವಿಮಾನಗಳ ಮೇಲೂ ಇದೆ. ಸ್ವಲ್ಪ ಕಣ್ಣಿಟ್ಟು ನೋಡು, ಬಾಕು ಒರೆಯೊಳಗೇ ಇದೆ. ಒಮಾನಿ ಗಂಡಸರು ಮದುವೆಗೆ, ಈದ್‌ಗೆ ಅದನ್ನು ಸೊಂಟಕ್ಕೆ ಬಿಗಿದು ಗತ್ತಿನಿಂದ ಓಡಾಡುತ್ತಾರೆ. ಮಾತು ಮಾತಿಗೆ ಹಿರಿಯುವುದಿಲ್ಲ. ನೀನೋ, ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಒಂದು ಮಾತಂದರೆ ಸಾಕು, ಹಿರಿದೇ ನಿಲ್ಲುತ್ತೀ!

ಒರೆಯಲ್ಲಿದ್ದ ಮಾತ್ರಕ್ಕೆ ಮೊಂಡು ಅಂದುಕೊಂಡೀಯ, ಜೋಕೆ. ಈ ವಾಯುಪಡೆ ಹುಟ್ಟಿದ್ದು 1959ರ ಮಾರ್ಚ್ 1ಕ್ಕೆ, ಬೆರಳೆಣಿಕೆಯ ವಿಮಾನಗಳೊಂದಿಗೆ. 1972ರ ಜುಲೈ 19ರಂದು ಇಲ್ಲಿನ ದಕ್ಷಿಣ ಸೀಮೆ ಧೋಫಾರಿನ ಮಿರ್ಬಾತ್ ಊರಿನ ಮೇಲೆ ಬಂಡುಕೋರರು ಮುಗಿಬಿದ್ದರು. ಸಲಾಲಾಕ್ಕೆ ಹೋಗಿ ಖರೀಫ್ ಮಳೆಯಲ್ಲಿ ಸೆಲ್ಫಿ ತೆಗೆದುಕೊಂಡೆಯಲ್ಲ, ಅದೇ ಕಾಲ, ಅದೇ ಮೋಡ. ವಿಮಾನ ಏರಿಸಲು ಯಾರೇ ಆದರೂ ಹಿಂದೆಮುಂದೆ ನೋಡುವಂಥ ಹವೆ. ಆದರೂ ಸಲಾಲಾದಿಂದ ಹೊರಟ ಸ್ಟ್ರೈಕ್‌ಮಾಸ್ಟರ್ ಜೆಟ್‌ಗಳು ಮೋಡದಡಿಯಲ್ಲೇ ತಗ್ಗಿ ಹಾರಿಬಂದವು. ಊರು ಉಳಿಯಿತು.

ನಮ್ಮಲ್ಲೂ ಬಾಕಿನ ಹೆಸರು ಹೊತ್ತವರಿದ್ದಾರೆ: ಭಾರತೀಯ ವಾಯುಪಡೆಯ 45ನೆಯ ಸ್ಕ್ವಾಡ್ರನ್, ‘ಫ್ಲೈಯಿಂಗ್ ಡ್ಯಾಗರ್ಸ್’. ಅದೂ 1959ರ ಕೂಸೇ. 1965ರ ಸೆಪ್ಟೆಂಬರ್ 1ರ ಸಂಜೆ ಛಂಬ್‌ನ ಮೇಲೆ ಹಾರಿದಾಗ ಅವರ ಕೈಯಲ್ಲಿದ್ದದ್ದು ಹಳೇ ವ್ಯಾಂಪೈರ್, ಎದುರಿಗೆ ಬಂದದ್ದು ಪಾಕಿಸ್ತಾನದ ಸೇಬರ್. ನಾಲ್ಕು ವಿಮಾನ ಮರಳಲಿಲ್ಲ. ನಿನಗಿಂತ ದೊಡ್ಡವರೇನಲ್ಲ ಆ ಹುಡುಗರು. ಅದೇ ಸ್ಕ್ವಾಡ್ರನ್ 2016ರಲ್ಲಿ ನಮ್ಮ ಬೆಂಗಳೂರಿನಲ್ಲೇ ತೇಜಸ್ ಏರಿ ಮತ್ತೆ ಎದ್ದು ನಿಂತಿತು. ಬೆಂಗಳೂರಲ್ಲೇ ಓದಿದವನು, ನಿನಗಿದು ಗೊತ್ತಿತ್ತೇನೋ? ಇರಲಿಕ್ಕಿಲ್ಲ, ಅದು ರೀಲ್ಸ್‌ನಲ್ಲಿ ಬಂದಿರಲಿಲ್ಲ.

ಈ ಶುಕ್ರವಾರ ಬೆಳಿಗ್ಗೆ ಬೇಗ ಏಳು, ನಿಜ್ವಾ ಸೂಕ್‌ಗೆ ಹೋಗೋಣ. ಅಲ್ಲಿನ ಬೆಳ್ಳಿಕೆಲಸದವರ ಅಂಗಡಿಯಲ್ಲಿ ಖಂಜರಿನ ಒರೆಯನ್ನು ಕೈಗೆತ್ತಿ ನೋಡು, ಕೂದಲೆಳೆಯಂಥ ತಂತಿ ಹೇಗೆ ಸುತ್ತಿ ಕೂರಿಸಿದ್ದಾರೆ ಅಂತ. ಹೋದ ಕೂಡಲೇ ರೇಟು ಕೇಳಿ ಮಾನ ಕಳೆಯಬೇಡ ಮಾರಾಯ. ಮೊದಲು ಸಲಾಂ ಹೇಳು, ಕೊಟ್ಟ ಕಹ್ವಾ ಕುಡಿ, ಆಮೇಲೆ ಮಾತು.